ಲೇಔಟ್‌ನಲ್ಲಿ ಬಡವರಿಗೂ ಸೈಟು: ಹೊರೆ ಯಾರ ಮೇಲೆ?

ದಾವಣಗೆರೆಯ ವಿದ್ಯಾನಗರದ ಓದುಗರೊಬ್ಬರು ಬರೆದಿದ್ದಾರೆ: "ಹೊಸ ಲೇಔಟ್‌ಗಳಲ್ಲಿ ಬಡವರಿಗೂ ಒಂದಿಷ್ಟು ಸೈಟು ಕಡ್ಡಾಯವಾಗಿ ಇಡಬೇಕು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಮನೆ ಕೊಡುವುದು ಸರ್ಕಾರದ ಕೆಲಸ. ಲೇಔಟ್ ಮಾಡುವವರ ಮೇಲೆ ಹೇರಿದರೆ ಕೊನೆಗೆ ಆ ಹೊರೆ 30×40 ಸೈಟಿಗೆ ದುಡ್ಡು ಕೂಡಿಡುವ ನಮ್ಮಂಥವರ ಮೇಲೇ ಬೀಳುತ್ತದೆ, ಅಲ್ವಾ?"

ಸಂಪಾದಕರ ಉತ್ತರ:

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಲೇಔಟ್ ಮಾಡುವವರೊಬ್ಬರು ಸೈಟಿಗೆ ಸುಮ್ನೆ ರೇಟು ಏರಿಸಿದರೆ ನೀವು ಪಕ್ಕದ ಲೇಔಟ್ ನೋಡುತ್ತೀರಿ. ಅದು ಅವರಿಗೂ ಗೊತ್ತು. ನಿಯಮ ಮೊದಲೇ ತಿಳಿದಿದ್ದರೆ ಅವರು ಜಮೀನು ಕೊಳ್ಳುವಾಗಲೇ ಎಕರೆಗೆ ಅಷ್ಟು ಕಡಿಮೆ ಮಾತಾಡುತ್ತಾರೆ. ಹಾಗಾದರೆ ಜಮೀನಿನವರಿಗೆ ನಷ್ಟವೇ? ಭದ್ರಾ ನಾಲೆಯ ಗದ್ದೆ ಲೇಔಟ್ ಆಗುವಾಗ ಏರುವ ಬೆಲೆ ಭತ್ತ ಬೆಳೆದು ಬಂದದ್ದಲ್ಲ. ರಸ್ತೆ, ನೀರು, ಕರೆಂಟು ಹತ್ತಿರ ಬಂದದ್ದರಿಂದ ಬಂದದ್ದು. ಅದಕ್ಕೆ ಇಡೀ ಊರು ತೆರಿಗೆ ಕಟ್ಟಿದೆ. ಎಕರೆ ಲೆಕ್ಕದಲ್ಲಿ ಕೊಂಡು ಅಡಿ ಲೆಕ್ಕದಲ್ಲಿ ಮಾರುವ ಆ ಲಾಭದಲ್ಲಿ ಊರು ಒಂದು ಪಾಲು ಕೇಳುವುದು ನ್ಯಾಯ ಎಂದೇ ನನ್ನ ನಂಬಿಕೆ. ಪಾರ್ಕಿಗೆ, ಶಾಲೆ-ಆಸ್ಪತ್ರೆಯಂಥ ನಾಗರಿಕ ಸೌಲಭ್ಯದ (ಸಿಎ) ಸೈಟಿಗೆ ಈಗಲೂ ಜಾಗ ಬಿಡಿಸಿಕೊಳ್ಳುತ್ತೇವಲ್ಲ.

ಪಾಲು ಎಷ್ಟು? ಹತ್ತರಲ್ಲಿ ಒಂದು ಸಾಕು. ಐದು ಎಕರೆ ಲೇಔಟ್‌ನಲ್ಲಿ ಅರ್ಧ ಜಾಗ ಮಾರಾಟಕ್ಕೆ ಉಳಿಯಿತು ಅನ್ನಿ, ಸುಮಾರು 1.09 ಲಕ್ಷ ಚದರಡಿ. ಅದರಲ್ಲಿ ಹತ್ತನೇ ಒಂದು ಪಾಲಿಗೆ 20×30ರ 18 ಸೈಟು ಸಿಗುತ್ತವೆ. ಮಹಾರಾಷ್ಟ್ರ 2013ರಲ್ಲಿ ಶೇ 20 ಎಂದು ನಿಯಮ ಮಾಡಿತು. ಆದರೆ ಅದು 10 ಲಕ್ಷಕ್ಕಿಂತ ಹೆಚ್ಚು ಜನರಿರುವ ಊರುಗಳಲ್ಲಿ, 4,000 ಚದರ ಮೀಟರ್ ದಾಟಿದ ಜಾಗಕ್ಕೆ. 2011ರ ಜನಗಣತಿಯಲ್ಲಿ ದಾವಣಗೆರೆಗೆ ಸುಮಾರು 4.35 ಲಕ್ಷ ಜನ. ನಮಗೆ ಶೇ 20 ಜಾಸ್ತಿ. ಅಷ್ಟು ಕೇಳಿದರೆ ನಿಮ್ಮ ಭಯ ನಿಜವಾಗುತ್ತದೆ: ಅನುಮೋದಿತ ಲೇಔಟ್ ಕಡಿಮೆಯಾಗಿ ಸೈಟಿನ ರೇಟು ಏರುತ್ತದೆ, ಅನುಮೋದನೆಯೇ ಇಲ್ಲದ ರೆವಿನ್ಯೂ ಸೈಟುಗಳು ಹೆಚ್ಚುತ್ತವೆ.

ಸರ್ಕಾರವೇ ಕೊಡಲಿ ಅಂದಿರಿ. ಆಶ್ರಯ ಮನೆ ಕೊಟ್ಟೂ ಇದೆ. ಆದರೆ ಸರ್ಕಾರಕ್ಕೆ ಅಗ್ಗದ ಜಾಗ ಸಿಗುವುದು ಊರಾಚೆ. ಎಂಸಿಸಿ ಬಿ ಬ್ಲಾಕ್‌ನಲ್ಲಿ ಮನೆಗೆಲಸ ಮಾಡುವವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು ಅಷ್ಟು ದೂರದಿಂದ ದಿನಾ ಓಡಾಡಬೇಕು. ದಿನದ ಕೂಲಿಯಲ್ಲಿ ಆಟೊ ಖರ್ಚು ಕಳೆದರೆ ಉಳಿಯುವುದೇನು? ನಮ್ಮ ಪಾತ್ರೆ ತೊಳೆಯುವವರು ನಮ್ಮ ಬಡಾವಣೆಯಲ್ಲೇ ಇರಲಿ ಅನ್ನುವುದಕ್ಕೆ ನಮಗೇಕೆ ಇಷ್ಟು ಹಿಂಜರಿಕೆ?

ಒಂದು ಎಚ್ಚರ ಬೇಕು. ಅಮೆರಿಕದ ಮಾಂಟ್ಗೊಮರಿ ಕೌಂಟಿ 1974ರಿಂದ ಇಂಥ ನಿಯಮ ನಡೆಸುತ್ತಿದೆ. ಅಲ್ಲಿ ಮೊದಲು ಬೆಲೆಯ ಮೇಲಿನ ಹಿಡಿತ ಬರೀ 5 ವರ್ಷದ್ದು. ಅವಧಿ ಮುಗಿದ ಮನೆಗಳು ಪೇಟೆ ಬೆಲೆಗೆ ಹೋದವು. ಕೊನೆಗೆ ಮಾರಾಟದ ಮನೆಗಳಿಗೆ 30 ವರ್ಷ ಮಾಡಬೇಕಾಯಿತು. ನಮ್ಮಲ್ಲಿ ಮೊದಲ ದಿನದಿಂದಲೇ ಅಷ್ಟು ಅವಧಿ ಇರಲಿ. ಮಾರಲೇಬೇಕಾದವರು ಪಾಲಿಕೆಗೇ ಮಾರಲಿ.

ಇನ್ನು, ಈಗಾಗಲೇ ಜಮೀನು ಕೊಂಡು ಅನುಮೋದನೆಗೆ ಕಾಯುತ್ತಿರುವವರನ್ನು ಇದರಿಂದ ಬಿಡಬೇಕು. ಎಕರೆಗಿಂತ ಚಿಕ್ಕ ಲೇಔಟ್‌ಗಳನ್ನೂ.