ಹಳೇ ಬಿ4 ಬಗ್ಗಿ: ಕ್ಲಬ್ ರೇಸಿಗೆ ಆಗುತ್ತಾ?

ಟೀಮ್ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10ಬಿ4 (ಚಿಕ್ಕದಾಗಿ ಬಿ4) ಅನ್ನೋ ರಿಮೋಟ್ ಕಂಟ್ರೋಲ್ ರೇಸ್ ಕಾರು, ಹಳೇ ರೇಡಿಯೋ (ರಿಮೋಟ್), ಬ್ರಷ್ ಮೋಟಾರ್ ಸಮೇತ ಸಿಗುತ್ತಿದೆ, ಕ್ಲಬ್ ರೇಸಿಗೆ ತಗೊಳ್ಳಲಾ ಅಂತ ಕೇಳಿದ್ದೀರಿ. ಮಣ್ಣಿನ ಟ್ರ್ಯಾಕ್ ಆದರೆ ತಗೊಳ್ಳಿ. ಕಾರ್ಪೆಟ್ ಆದರೆ ಬೇಡ. ಇದರ ಮೋಟಾರ್ ಹಿಂದಿನ ಆಕ್ಸಲ್‌ಗಿಂತಲೂ ಹಿಂದಿದೆ. ಸಡಿಲ ಮಣ್ಣಲ್ಲಿ ಆ ಭಾರವೇ ಹಿಂದಿನ ಟೈರಿಗೆ ಹಿಡಿತ ಕೊಡುತ್ತದೆ. ಕಾರ್ಪೆಟ್ ಮೇಲೆ ಮಾತ್ರ, ಮಧ್ಯದಲ್ಲಿ ಮೋಟಾರ್ ಇರುವ ಹೊಸ ಗಾಡಿಗಳ ಮುಂದೆ ತಿರುವಿನಲ್ಲಿ ಪರದಾಡುತ್ತದೆ.

ನೋಡಲು ಹೋದಾಗ ಸ್ಪರ್ ಗೇರ್ (ಮೋಟಾರಿನ ಚಿಕ್ಕ ಗೇರ್ ತಿರುಗಿಸುವ ದೊಡ್ಡ ಗೇರ್) ಅಲುಗಾಡದಂತೆ ಹಿಡಿದು ಒಂದು ಹಿಂದಿನ ಚಕ್ರ ತಿರುಗಿಸಿ. ಒಳಗೆ ಮರಳು ಅರೆದಂತೆ ಅನಿಸಿದರೆ ಬಾಲ್ ಡಿಫ್ (ತಿರುವಿನಲ್ಲಿ ಎರಡು ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ) ಬಿಚ್ಚಿ ರಿಪೇರಿ ಮಾಡಬೇಕು. ಅದು ದೊಡ್ಡ ಖರ್ಚಲ್ಲ. ಶಾಕ್‌ನಲ್ಲಿ ಎಣ್ಣೆ ಸೋರಿದ್ದರೂ ಅಷ್ಟೇ, ಹೊಸ ಓ-ರಿಂಗ್ (ರಬ್ಬರ್ ಬಳೆ) ಹಾಕಿದರೆ ಸರಿಹೋಗುತ್ತದೆ. ನಾನು ಹೆದರುವುದು ಸ್ಕ್ರೂಗಳಿಗೆ! ಬಿ4ನಲ್ಲಿರುವುದು ಇಂಚಿನ ಅಳತೆಯವು. ಯಾರಾದರೂ ಮಿಲಿಮೀಟರ್ ಅಲೆನ್ ಕೀ ತುರುಕಿ ತಿರುಗಿಸಿದ್ದರೆ ತಲೆಗಳು ಸವೆದು ಹೋಗಿರುತ್ತವೆ. ಅಂಥ ಗಾಡಿ ಬಿಚ್ಚುವುದೇ ಒಂದು ತಲೆನೋವು.

ಬೆಲೆ ಕಟ್ಟುವಾಗ ಜೊತೆಗೆ ಬರುವ ಎಲೆಕ್ಟ್ರಾನಿಕ್ಸ್‌ಗೆ ಒಂದು ರೂಪಾಯಿಯೂ ಲೆಕ್ಕ ಹಾಕಬೇಡಿ. ಹಳೇ ಇಎಸ್‌ಸಿಗಳಲ್ಲಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ಲಿಪೋ ಕಟ್‌ಆಫ್, ಅಂದರೆ ಲಿಥಿಯಂ-ಪಾಲಿಮರ್ ಬ್ಯಾಟರಿ ತೀರಾ ಇಳಿಯುವ ಮುಂಚೆ ಕರೆಂಟ್ ನಿಲ್ಲಿಸುವ ವ್ಯವಸ್ಥೆ, ಇಲ್ಲದಿರುವುದೇ ಜಾಸ್ತಿ. ಸೆಲ್ಲು 3 ವೋಲ್ಟ್‌ಗಿಂತ ಕೆಳಗಿಳಿದರೆ ಬ್ಯಾಟರಿ ಹಾಳು. ಕ್ರಿಸ್ಟಲ್ (ಫ್ರೀಕ್ವೆನ್ಸಿ ನಿಗದಿ ಮಾಡುವ ಚಿಕ್ಕ ಭಾಗ) ಹಾಕುವ ರೇಡಿಯೋ ಆಗಿದ್ದರೆ ಅದನ್ನೂ ಬದಲಿಸಿ 2.4 ಗಿಗಾಹರ್ಟ್ಸ್‌ನದು ತಗೊಳ್ಳಬೇಕು.

ಬಿ4 ಬಂದದ್ದು 2003ರಲ್ಲಿ. ಆಮೇಲೆ ಬಿ5, ಬಿ6 ಎಲ್ಲಾ ಬಂದಿವೆ. ಹಾಗಾಗಿ ದುಡ್ಡು ಕೊಡುವ ಮುಂಚೆ ಮುಂದಿನ, ಹಿಂದಿನ ಆರ್ಮ್‌ಗಳು (ಚಕ್ರ ಹಿಡಿದಿರುವ ಸಸ್ಪೆನ್ಷನ್ ತೋಳುಗಳು) ಈಗಲೂ ಸಿಗುತ್ತವಾ ಅಂತ ಹುಡುಕಿ ನೋಡಿ. ಮಾರುವವರ ಹತ್ತಿರ ಬಿಡಿಭಾಗದ ಡಬ್ಬಿ ಇರುತ್ತದೆ ಅಲ್ವಾ, ಅದನ್ನೂ ಸೇರಿಸಿ ಕೊಡಿ ಅಂತ ಕೇಳಿ.