ಭಾಷಾ ತಂತ್ರಾಂಶದಲ್ಲಿ ಎಲ್ಲ ಭಾಷೆಗೂ ಒಂದೇ ವಿಧಾನ ಹೊಂದುತ್ತದೆಯೇ?

ಹೊಂದುತ್ತದೆ, ಆದರೆ ಹೊರೆ ಎಲ್ಲ ಭಾಷೆಗಳ ಮೇಲೂ ಸಮನಾಗಿ ಬೀಳುವುದಿಲ್ಲ. ಪಠ್ಯವನ್ನು ಬೈಟ್‌ಗಳಾಗಿ ಒಡೆದು, ಪದೇಪದೇ ಜೊತೆಯಾಗಿ ಬರುವ ಬೈಟ್‌ಗಳನ್ನು ಬೆಸೆಯುತ್ತ ಹೋಗುವ ಟೋಕನೈಸರ್‌ಗೆ (ಭಾಷಾ ಮಾದರಿಗಾಗಿ ಪಠ್ಯವನ್ನು ತುಣುಕು ಮಾಡುವ ತಂತ್ರಾಂಶಕ್ಕೆ) ನಿಘಂಟೂ ಬೇಡ, ವ್ಯಾಕರಣವೂ ಬೇಡ. ಆದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಪ್ರತಿ ಸಂಕೇತಕ್ಕೆ 3 ಬೇಕು. ‘ಸ್ತ್ರೀ’ ಕಣ್ಣಿಗೆ ಒಂದೇ ಅಕ್ಷರ. ಒಳಗೆ ಸ, ತ, ರ, ಎರಡು ಹಲಂತ, ಒಂದು ಈ-ಕಾರ ಸೇರಿ 6 ಸಂಕೇತ, 18 ಬೈಟ್. ಟೋಕನೈಸರ್‌ನ ತರಬೇತಿಯಲ್ಲಿ ಕನ್ನಡ ಪಠ್ಯ ಕಡಿಮೆಯಿದ್ದರೆ ಈ ಬೈಟ್‌ಗಳು ಬೆಸೆದುಕೊಳ್ಳುವುದೇ ಅಪರೂಪ, ವಾಕ್ಯ ಚೂರುಚೂರಾಗುತ್ತದೆ. ಹಾಗಾಗಿ ತರಬೇತಿಯ ಪಠ್ಯದಲ್ಲಿ ಅಂಥ ಭಾಷೆಗಳ ಪಾಲನ್ನು ಬೇಕೆಂದೇ ಹೆಚ್ಚಿಸಬೇಕು.

ತಪ್ಪನ್ನು ಅಳೆಯುವಾಗಲೂ ಹೊರೆ ಸಮನಲ್ಲ: ಮಾತನ್ನು ಗುರುತಿಸುವ ತಂತ್ರಾಂಶದಲ್ಲಿ ತಪ್ಪನ್ನು ಪದಗಳ ಲೆಕ್ಕದಲ್ಲಷ್ಟೇ ಅಳೆಯಬೇಡಿ. ‘ಮನೆಯಲ್ಲಿದ್ದವರಿಗೆ’ ಎಂಬಲ್ಲಿ ಒಂದು ಒತ್ತು ಬಿಟ್ಟುಹೋದರೂ ಇಡೀ ಪದವೇ ತಪ್ಪೆಂದು ಲೆಕ್ಕವಾಗುತ್ತದೆ. ಅಕ್ಷರಗಳ ಲೆಕ್ಕವನ್ನೂ ಜೊತೆಗೆ ಕೊಡಿ.