ಕೆಲಸಕ್ಕೆ ಹೋಗುವಾಗ ಎದೆಹಾಲು ತೆಗೆದಿಟ್ಟು ಹೋಗಬಹುದಾ? ಅತ್ತೆ ‘ತಂಗಳು’ ಅಂತಾರೆ

ನಿಮ್ಮ ಕೂಸಿಗೆ ನಾಲ್ಕೂವರೆ ತಿಂಗಳು, ಮುಂದಿನ ತಿಂಗಳು ಕೆಲಸಕ್ಕೆ ಮರಳಬೇಕು, ಹಾಲು ತೆಗೆದು ಫ್ರಿಜ್‌ನಲ್ಲಿಟ್ಟು ಹೋಗ್ತೀನಿ ಅಂದ್ರೆ ಅತ್ತೆಯವರು ‘ತಂಗಳು ಹಾಲು ಕೊಡೋದಾ’ ಅಂತಾರೆ ಅಂತ ಬರೆದಿದ್ದೀರಿ. ಹೋಗಬಹುದು. ನಾನು 2019ರಲ್ಲಿ ಹೋಗಿದ್ದೆ, ತುಮಕೂರಿನಿಂದ ಪೀಣ್ಯಕ್ಕೆ. ರೈಲಲ್ಲಿ ಯಶವಂತಪುರ, ಅಲ್ಲಿಂದ ಮೆಟ್ರೋ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಆರಕ್ಕೆ ಮನೆ. ಮಗಳಿಗೆ ಆಗ ಐದು ತಿಂಗಳು.

ಮೊದಲು ನಿಮ್ಮ ಅತ್ತೆಯವರ ವಿಷಯ. ನಮ್ಮತ್ತೆಯೂ ಇದೇ ಮಾತು ಆಡಿದ್ದರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಮೊದಲನೇ ದಿನ ಮಧ್ಯಾಹ್ನ ಫೋನ್ ಮಾಡಿದರೆ, ‘ಹಾಲು ಉಕ್ಕೋ ತನಕ ಕಾಯಿಸಿ, ಆರಿಸಿ ಕೊಟ್ಟೆ ಕಣಮ್ಮ, ಕುಡೀತು’ ಅಂದರು! ಅವರ ತಪ್ಪೇನಿಲ್ಲ. ಹಸಿ ಹಾಲನ್ನು ಕಾಯಿಸದೆ ಯಾರಿಗೂ ಕೊಡದ ಮನೆ ಅದು, ನಾನೇ ಹೇಳಿರಲಿಲ್ಲ. ಎದೆಹಾಲನ್ನು ಕುದಿಸಿದರೆ ರೋಗ ತಡೆಯುವ ಅದರ ಗುಣವೇ ಹಾಳಾಗುತ್ತೆ. ಬಿಸಿನೀರಿನ ಬಟ್ಟಲಲ್ಲಿ ಹಾಲಿನ ಬಾಟಲಿ ಇಟ್ಟು ಚಳಿ ಬಿಡಿಸಿದರೆ ಸಾಕು. ಮೈಕ್ರೋವೇವ್ ಅಂತೂ ಬೇಡ, ಒಂದು ಕಡೆ ಸುಡುತ್ತೆ, ಇನ್ನೊಂದು ಕಡೆ ತಣ್ಣಗೇ ಇರುತ್ತೆ. ಇನ್ನೊಂದು ಮುಂಚೆಯೇ ಹೇಳಿಡಿ: ಫ್ರಿಜ್‌ನಲ್ಲಿಟ್ಟ ಹಾಲಲ್ಲಿ ಕೆನೆ ಮೇಲೆ ಕಟ್ಟಿ ಕೆಳಗೆ ನೀರು ನೀರಾಗಿ ಕಾಣುತ್ತೆ. ನಮ್ಮತ್ತೆ ಒಡೆದಿದೆ ಅಂತ ಒಂದು ಬಾಟಲಿ ಚೆಲ್ಲಿಯೂಬಿಟ್ಟರು. ಮೆಲ್ಲಗೆ ಆಡಿಸಿದರೆ ಬೆರೆತುಕೊಳ್ಳುತ್ತೆ. ಆ ಬಾಟಲಿಗಾಗಿ ನಾನು ರೈಲಲ್ಲಿ ಅತ್ತಿದ್ದೀನಿ, ನಿಜವಾಗಿ.

ಎಷ್ಟು ಹೊತ್ತು ಇಡಬಹುದು? ತೆಗೆದ ಹಾಲು 25 ಡಿಗ್ರಿಗಿಂತ ಹೆಚ್ಚು ಸೆಕೆ ಇಲ್ಲದ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ, ಫ್ರೀಜರ್‌ನಲ್ಲಿ 6 ತಿಂಗಳು ಚೆನ್ನಾಗಿರುತ್ತೆ. ಏಪ್ರಿಲ್ ತಿಂಗಳಲ್ಲಿ ನಮ್ಮ ಅಡುಗೆಮನೆ 25 ಡಿಗ್ರಿ ಎಲ್ಲಿರುತ್ತೆ ಹೇಳಿ, ಹಾಗಾಗಿ ನಾನು ಹೊರಗಿಡುತ್ತಲೇ ಇರಲಿಲ್ಲ. ಫ್ರಿಜ್ ಬಾಗಿಲಲ್ಲಿ ಇಡಬೇಡಿ, ಒಳಗೆ ಹಿಂದಕ್ಕೆ ಇಡಿ, ದಿನ ಗಂಟೆ ಬರೆದು ಅಂಟಿಸಿ. ಫ್ರೀಜರ್‌ನಿಂದ ತೆಗೆದು ಪೂರ್ತಿ ಕರಗಿದ್ದನ್ನು ಫ್ರಿಜ್‌ನಲ್ಲೇ ಇಟ್ಟು 24 ಗಂಟೆಯೊಳಗೆ ಮುಗಿಸಬೇಕು, ಮತ್ತೆ ಫ್ರೀಜರ್‌ಗೆ ಹಾಕಬಾರದು. ಕೂಸು ಬಾಯಿ ಇಟ್ಟು ಉಳಿಸಿದ್ದನ್ನು 2 ಗಂಟೆ ಮೇಲೆ ಚೆಲ್ಲಿಬಿಡಿ. ಅತ್ತೆಯವರು ‘ತಂಗಳು’ ಅನ್ನೋದು ಈ ಎಂಜಲು ಹಾಲಿಗೆ ಸರಿಯಾಗಿ ಹೊಂದುತ್ತೆ.

ಫ್ರೀಜರ್ ತುಂಬಾ ಪ್ಯಾಕೆಟ್ ಪೇರಿಸಿದ ಫೋಟೋಗಳನ್ನು ನೋಡಿ ನಾನೂ ಹೆದರಿದ್ದೆ. ಅಷ್ಟು ಬೇಕಿಲ್ಲ. ಒಂದರಿಂದ ಆರು ತಿಂಗಳ ಮಗುವಿಗೆ ತಾಯಿ ಇಲ್ಲದ ಹೊತ್ತಲ್ಲಿ ಗಂಟೆಗೆ ಸುಮಾರು 30 ಮಿ.ಲೀ. ಲೆಕ್ಕ ಹಿಡಿದರೆ ಸಾಕು. ನನಗೆ 11 ಗಂಟೆಗೆ 330. ಇವತ್ತು ಆಫೀಸಲ್ಲಿ ತೆಗೆದದ್ದು ನಾಳೆಗೆ. ಶುರುವಿಗೆ ಒಂದೂವರೆ ದಿನದ್ದು ಇದ್ದರೆ ಆಯ್ತು, ಹೊರಡೋದಕ್ಕೆ ಎರಡು ಮೂರು ವಾರ ಮುಂಚೆಯಿಂದ ಬೆಳಗಿನ ಮೊದಲ ಹಾಲೂಡಿಸಿದ ಮೇಲೆ ಒಂದು ಸಲ ತೆಗೆಯುತ್ತಾ ಬಂದರೆ ಅಷ್ಟು ಕೂಡುತ್ತೆ.

ಆಫೀಸಲ್ಲಿ ಜಾಗ ಅಂದರೆ ಹಳೇ ಫೈಲುಗಳ ಕೋಣೆ, ಒಳಗಿಂದ ಚಿಲಕ ಇತ್ತು, ಅದೇ ಪುಣ್ಯ. ಹತ್ತೂವರೆ, ಒಂದೂವರೆ, ನಾಲ್ಕು, ಮೂರು ಸಲ. ಮೊದಲ ದಿನ ಸಲಕ್ಕೆ 40 ಮಿ.ಲೀ. ಕೂಡ ಬರಲಿಲ್ಲ. ಹೊರಗೆ ಯಾರೋ ಬಾಗಿಲು ತಟ್ಟಿದರೆ ಅದೂ ನಿಲ್ಲುತ್ತೆ. ಬಾಟಲಿಯನ್ನೇ ನೋಡುತ್ತಾ ಕೂತರೆ ಬರೋದಿಲ್ಲ, ಅದಕ್ಕೆ ಬಾಟಲಿಗೊಂದು ಕಾಲುಚೀಲ ತೊಡಿಸಿ ಮಗಳ ವಿಡಿಯೋ ನೋಡುತ್ತಿದ್ದೆ. ವಾರದಲ್ಲಿ 110ಕ್ಕೆ ಬಂತು. ಹಾಲು ತೆಗೆಯುವ ಪಂಪ್ ಜೊತೆ ಬರುವ, ಎದೆಗೆ ಹಿಡಿಯುವ ಕೊಳವೆಯ ಅಳತೆ ಎಲ್ಲರಿಗೂ ಸರಿಹೊಂದೋದಿಲ್ಲ. ನೋವಾದರೆ ಸಹಿಸಿಕೊಳ್ಳಬೇಡಿ, ಬೇರೆ ಅಳತೆ ತರಿಸಿ. ಕೈಯಿಂದ ಹಿಂಡೋದನ್ನೂ ಕಲಿತಿರಿ. ಒಂದು ದಿನ ಪಂಪಿನ ಪುಟ್ಟ ರಬ್ಬರ್ ವಾಲ್ವ್ ಮನೆಯಲ್ಲೇ ಮರೆತು ಹೋಗಿದ್ದೆ, ಆವತ್ತು ಕೈಯೇ ಗತಿ. ಕಪ್ಪು ಭಾಗದ ಅಂಚಿನ ಹಿಂದೆ ಹೆಬ್ಬೆರಳು ಬೆರಳು ಇಟ್ಟು ಮೊದಲು ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಹಿಂಡೋದು. ತೊಟ್ಟನ್ನು ಎಳೆಯಬಾರದು.

ನಾನು ಮಾಡಿದ ದೊಡ್ಡ ತಪ್ಪು ಮೂರನೇ ವಾರದಲ್ಲಿ. ಜಿಎಸ್‌ಟಿ ಕೊನೇ ದಿನ ಅಂತ ನಾಲ್ಕು ದಿನ ಹತ್ತೂವರೆಯದ್ದನ್ನು ಬಿಟ್ಟೆ. ಎದೆ ಕಲ್ಲಾಯ್ತು, ಆಮೇಲೆ ಹಾಲೇ ಇಳಿದುಹೋಯ್ತು. ಖಾಲಿ ಮಾಡಿದಷ್ಟೂ ಊರುತ್ತೆ, ತುಂಬಿಟ್ಟರೆ ದೇಹ ‘ಸಾಕೇನೋ’ ಅಂದುಕೊಳ್ಳುತ್ತೆ. ರಾತ್ರಿ ಮಗಳು ಎದ್ದಾಗಲೆಲ್ಲ ಎದೆಗೆ ಹಾಕಿಕೊಂಡದ್ದರಿಂದ ಹತ್ತು ದಿನದಲ್ಲಿ ಸರಿಹೋಯ್ತು. ಆಮೇಲೆ ಮ್ಯಾನೇಜರ್ ಹತ್ತಿರ ನೇರವಾಗಿ ಮಾತಾಡಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ, ಊಟದ ವೇಳೆ ಬಿಟ್ಟು, ದಿನಕ್ಕೆ ಎರಡು ಹಾಲೂಡಿಸುವ ಬಿಡುವು ಇತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. 50 ಜನಕ್ಕಿಂತ ಕಡಿಮೆ ಇಲ್ಲದ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು. ನಮ್ಮಲ್ಲಿ ಮೂವತ್ತೇ ಜನ, ಹಾಗಾಗಿ ಅದಿರಲಿಲ್ಲ. ನಿಮ್ಮ ಕಡೆ ಇದ್ದರೆ ಈ ಪಾಡೇ ಬೇಡ, ಕೂಸನ್ನೇ ಕರೆದುಕೊಂಡು ಹೋಗಬಹುದು.

ವಾಪಸ್ ಬರುವಾಗ ಐಸ್ ಪ್ಯಾಕ್ ಇಟ್ಟ, ತಂಪು ಹಿಡಿದಿಡುವ ಚೀಲ. ಪ್ಯಾಕ್ ಗಟ್ಟಿಯಾಗಿ ಹೆಪ್ಪುಗಟ್ಟಿದ್ದರೆ 24 ಗಂಟೆ ತಡೆಯುತ್ತೆ, ರೈಲು ಎಷ್ಟೇ ತಡವಾದರೂ ಭಯವಿಲ್ಲ.

ಕುಡಿಸೋದಕ್ಕೆ ನಾವು ಬಾಟಲಿ ಬಳಸಲಿಲ್ಲ, ಮನೆಯ ಬೆಳ್ಳಿ ಒಳಲೆ ಇತ್ತು. ಅತ್ತೆಯವರು ಸೋತದ್ದೂ ಅಲ್ಲೇ. ‘ಒಳಲೆಯಲ್ಲಿ ಕುಡಿಸೋದು ನಿಮ್ಮಷ್ಟು ಚೆನ್ನಾಗಿ ನನಗೆ ಬರಲ್ಲ’ ಅಂದೆ, ಅದು ಸತ್ಯವೂ ಹೌದು. ಸುರಿಯಬಾರದು, ಕೂಸನ್ನು ನೆಟ್ಟಗೆ ಕೂರಿಸಿಕೊಂಡು ತುಟಿಗೆ ತಾಗಿಸಿ ಅದೇ ಹೀರುವ ಹಾಗೆ ನಿಧಾನ. ಗಡಿಬಿಡಿಯಲ್ಲಿ ಕುಡಿಸಿದರೆ ಹಾಲೂ ಹೆಚ್ಚು ಖರ್ಚಾಗುತ್ತೆ, ಕಕ್ಕುತ್ತೆ ಕೂಡ. ಆರು ತುಂಬಿ ರಾಗಿ ಸರಿ ಶುರುವಾದ ಮೇಲೆ ಈ ಲೆಕ್ಕದ ಬಿಗಿಯೆಲ್ಲ ಸಡಿಲವಾಗುತ್ತೆ. ಅಷ್ಟರಲ್ಲಿ ಹಾಲು ಸಾಲದೇ ಹೋದರೆ ಮಕ್ಕಳ ಡಾಕ್ಟರನ್ನು ಕೇಳಿ, ಒಂದೆರಡು ಹೊತ್ತು ಪುಡಿ ಹಾಲು ಕೊಟ್ಟರೆ ನೀವೇನೂ ಕೆಟ್ಟ ತಾಯಿ ಆಗಲ್ಲ.

ಹೋಗೋಕೆ ಮುಂಚೆ ಒಂದೆರಡು ಭಾನುವಾರ ಅಭ್ಯಾಸ ಮಾಡಿಸಿ. ಆಗ ನೀವು ಎದುರಿಗೆ ನಿಲ್ಲಬೇಡಿ. ನಿಮ್ಮ ವಾಸನೆ ಬಂದರೆ ಒಳಲೆ ಯಾಕೆ ಮುಟ್ಟುತ್ತೆ ಕೂಸು? ನಾನು ಬಟ್ಟೆ ಒಣಗಿ ಹಾಕೋ ನೆಪದಲ್ಲಿ ಮಹಡಿ ಮೇಲೆ ಹೋಗಿ ಕೂತಿರುತ್ತಿದ್ದೆ.